ಹದಿನೈದು ಹೆಸರುಗಳ ಪಟ್ಟಿ ಮತ್ತು ಹಾಸನದ ಅಭಿಮಾನಿ

ರಣಜಿ ಟ್ರೋಫಿ ಪಂದ್ಯಗಳ ಕಾಲ ಹತ್ತಿರವಾದಾಗ ಪತ್ರಿಕೆಯ ಕ್ರೀಡಾ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದ ಸುದ್ದಿಯೊಂದು ಕಾಣಿಸಿಕೊಳ್ಳುತ್ತದೆ: ರಾಜ್ಯ ತಂಡ ಪ್ರಕಟ. ಅದರ ಕೆಳಗೆ ಹದಿನೈದು ಹೆಸರುಗಳು. ಒಬ್ಬನಿಗೆ ನಾಯಕನೆಂಬ ಪಟ್ಟ, ಇನ್ನೊಬ್ಬನಿಗೆ ಉಪನಾಯಕನೆಂಬುದು. ಯಾರನ್ನು ಕೈಬಿಡಲಾಯಿತು, ಏಕೆ ಕೈಬಿಡಲಾಯಿತು ಎಂಬ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಊಹಿಸಿಕೊಳ್ಳುವ ಕೆಲಸ ಓದುಗನದೇ.

ಹಾಸನದ ಬಸ್ ನಿಲ್ದಾಣದಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುವವನಿರಲಿ, ಹೊಳೆನರಸೀಪುರದ ಕ್ಷೌರದಂಗಡಿಯಲ್ಲಿ ಸರದಿಗೆ ಕುಳಿತವನಿರಲಿ, ಚನ್ನರಾಯಪಟ್ಟಣದ ಹೋಟೆಲಿನಲ್ಲಿ ಕಾಫಿ ಹೀರುವವನಿರಲಿ, ಕ್ರಿಕೆಟ್ ಅಭಿಮಾನಿಯಾದವನು ಈ ಪಟ್ಟಿಯನ್ನು ಓದುವ ರೀತಿ ಒಂದೇ. ಮೊದಲು ಇರುವ ಹೆಸರುಗಳನ್ನು ಓದುತ್ತಾನೆ. ಆಮೇಲೆ ಇಲ್ಲದ ಹೆಸರುಗಳನ್ನು ಎಣಿಸುತ್ತಾನೆ. ಕೊನೆಗೆ, ಯಾರಿಗೂ ಹೇಳದೆ, ತನ್ನ ಸೀಮೆಯ ಹೆಸರೇನಾದರೂ ಇದೆಯೇ ಎಂದು ಹುಡುಕುತ್ತಾನೆ.

ಈ ಮೂರನೆಯ ಹುಡುಕಾಟಕ್ಕೆ ಒಂದು ಚರಿತ್ರೆಯಿದೆ. ರಾಜ್ಯ ತಂಡವೊಂದು ಹೇಗೆ ಕಟ್ಟಲ್ಪಡುತ್ತದೆ, ಹೇಗೆ ಹಳತಾಗುತ್ತದೆ, ಹೇಗೆ ಮತ್ತೆ ಹೊಸದಾಗುತ್ತದೆ ಎಂಬುದರ ಚರಿತ್ರೆ ಅದು. ರಾಜಧಾನಿಯಿಂದ ನೂರೆಂಬತ್ತು ಕಿಲೋಮೀಟರ್ ಆಚೆ ಇರುವ ಜಿಲ್ಲೆಯೊಂದು ಆ ಪಟ್ಟಿಯ ಕಡೆಗೆ ಇಟ್ಟುಕೊಂಡಿರುವ ಆಸೆಯ ಚರಿತ್ರೆಯೂ ಹೌದು.

ಒಂದೇ ದಿನದಲ್ಲಿ ಮುಗಿದ ಆರಂಭ

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ಮೈಸೂರು ಒಂದು. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್ ಮೈದಾನದಲ್ಲಿ ಆರಂಭವಾದ ಆ ಪಂದ್ಯ ಅಂದು ಸಂಜೆಯೊಳಗೇ ಮುಗಿದುಹೋಯಿತು. ಮೈಸೂರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59 ರನ್ನುಗಳಿಗೆ ಕುಸಿಯಿತು. ಮದ್ರಾಸ್ ಹೊಡೆದಿದ್ದು 130. ಅಷ್ಟರಿಂದಲೇ ಇನಿಂಗ್ಸ್ ಮತ್ತು 23 ರನ್ನುಗಳ ಗೆಲುವು ಅದಕ್ಕೆ ದಕ್ಕಿತು. ಎ. ಜಿ. ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು.

ಅದಕ್ಕೆ ಒಂದು ವರ್ಷ ಮೊದಲು, 1933ರಲ್ಲಿ, ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾಗಿತ್ತು. ಹಾಸನ ಆ ಸಂಸ್ಥಾನದ ಜಿಲ್ಲೆಯೇ. ಆದರೆ ಕ್ರಿಕೆಟ್ ಆಗ ಬೆಂಗಳೂರು, ಮೈಸೂರು ನಗರಗಳ ಕಾಲೇಜು ಮತ್ತು ಕ್ಲಬ್ಬುಗಳ ಆಟ. 1941–42ರಲ್ಲಿ ಮೈಸೂರು ಮೊದಲ ಬಾರಿಗೆ ಫೈನಲ್ ತಲುಪಿತು. ಬಾಂಬೆ ತಂಡದ ಎದುರು ಇನಿಂಗ್ಸ್ ಸೋಲು ಕಂಡಿತು. 1959–60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು.

1956ರಲ್ಲಿ ಕನ್ನಡನಾಡು ಒಂದಾದ ಮೇಲೆ ಪಟ್ಟಿಯ ಹಿಂದಿನ ಭೂಪಟ ದೊಡ್ಡದಾಯಿತು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1967–68ರಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟಿನಲ್ಲೇ ಶತಕ ಬಾರಿಸಿದರು. ಕಾರ್ಖಾನೆಯ ಊರೊಂದರಿಂದ ಬಂದ ಹುಡುಗನ ಹೆಸರನ್ನು ದೇಶವೇ ಕಲಿತುಕೊಂಡ ಸಂದರ್ಭವದು. ಪಟ್ಟಿಗೆ ಹೊಸ ಹೆಸರು ಎಲ್ಲಿಂದ ಬೇಕಾದರೂ ಬರಬಹುದು ಎಂಬ ನಂಬಿಕೆ ಜಿಲ್ಲೆಗಳ ಅಭಿಮಾನಿಗಳಲ್ಲಿ ಬೇರೂರಿದ್ದಕ್ಕೆ ಇಂಥ ಪ್ರಸಂಗಗಳೇ ಕಾರಣ.

ಹೊಸ ಹೆಸರಿನ ಮೊದಲ ವರ್ಷ

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದೇ ಋತುವಿನಲ್ಲಿ ತಂಡದ ಹಣೆಬರಹವೂ ಬದಲಾದದ್ದು ಕಾಕತಾಳೀಯವಾದರೂ ಅಭಿಮಾನಿಗಳಿಗೆ ಹಾಗೆನ್ನಿಸಲಿಲ್ಲ. 1958–59ರಿಂದ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಬಾಂಬೆಯನ್ನು ಬಿಟ್ಟು ಕದಲಿರಲಿಲ್ಲ. 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಹೊಡೆದು ಕರ್ನಾಟಕವನ್ನು 385ಕ್ಕೆ ಮುಟ್ಟಿಸಿದರು. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ವಾಡೇಕರ್ ರನ್ ಔಟ್ ಆದರು. ಬಾಂಬೆ 307ಕ್ಕೆ ನಿಂತಿತು. ಮೊದಲ ಇನಿಂಗ್ಸ್‌ನ ಮುನ್ನಡೆಯ ಬಲದಿಂದ ಕರ್ನಾಟಕ ಫೈನಲ್‌ಗೆ ಹೋಯಿತು. ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಟ್ರೋಫಿಯನ್ನು ಮನೆಗೆ ತಂದಿತು.

ಆ ಗೆಲುವನ್ನು ಹಾಸನ ಸೀಮೆ ಕಣ್ಣಾರೆ ನೋಡಲಿಲ್ಲ. ಟೆಲಿವಿಷನ್ ಇನ್ನೂ ಈ ಕಡೆ ಕಾಲಿಟ್ಟಿರಲಿಲ್ಲ. ರೇಡಿಯೋ ಇತ್ತು, ಮರುದಿನದ ಪತ್ರಿಕೆ ಇತ್ತು. ಅಂದಿನ ಕ್ರೀಡಾ ಪುಟಗಳು ವಿಕೆಟ್ಟನ್ನು ‘ಹುದ್ದರಿ’ ಎಂದೂ ಬ್ಯಾಟ್ಸ್‌ಮನ್‌ನನ್ನು ‘ದಾಂಡಿಗ’ ಎಂದೂ ಕರೆದು ಆಟಕ್ಕೆ ಕನ್ನಡದ ಉಡುಗೆ ತೊಡಿಸಿದ್ದವು. ಆಟ ಕಾಣದ ಓದುಗ ಹೆಸರುಗಳನ್ನೇ ಮುಖಗಳನ್ನಾಗಿ ಮಾಡಿಕೊಂಡ.

ಮುಂದೆ ಕ್ರಿಕೆಟ್ ಚಿತ್ರವಾಗಿ ಮನೆಮನೆಗೆ ಬಂದ ಕಥೆಯಲ್ಲಿ ಹಾಸನಕ್ಕೇ ಒಂದು ಪಾತ್ರವಿತ್ತು ಎಂಬುದು ಸ್ವಾರಸ್ಯದ ಸಂಗತಿ. ಬಾಹ್ಯಾಕಾಶ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ 1982ರಲ್ಲಿ ಹಾಸನದಲ್ಲಿ ಆರಂಭವಾಯಿತು. ಇನ್ಸಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನೆಟ್ಟಗೆ ನಿಲ್ಲಿಸುವ ಕೆಲಸ ಅದರದು. 1983ರ ಆಗಸ್ಟಿನಲ್ಲಿ ಹಾರಿದ ಇನ್ಸಾಟ್-1ಬಿ ದೂರದರ್ಶನದ ಕಾರ್ಯಕ್ರಮಗಳನ್ನು ದೇಶದ ಉದ್ದಗಲಕ್ಕೆ ಹೊತ್ತಿತು. ಎಲ್ಲೋ ನಡೆಯುವ ಟೆಸ್ಟ್ ಪಂದ್ಯ ಅರಕಲಗೂಡಿನ ಪಡಸಾಲೆಗೆ ಬರಲು ಮೂವತ್ತು ಕಿಲೋಮೀಟರ್ ಆಚೆಯ ದೊಡ್ಡ ತಟ್ಟೆಗಳಂಥ ಆಂಟೆನಾಗಳ ಕಾವಲೂ ಬೇಕಾಗಿತ್ತು.

ಊರೇ ಹೆಸರಾದವನು

ಕನ್ನಡಿಗರ ಹೆಸರಿನ ಮುಂದಿನ ಅಕ್ಷರಗಳಲ್ಲಿ ಅನೇಕ ವೇಳೆ ಒಂದು ಊರು ಅಡಗಿ ಕುಳಿತಿರುತ್ತದೆ. ತಾತನ ಕಾಲದಲ್ಲಿ ಬಿಟ್ಟುಬಂದ ಊರು ಮೊಮ್ಮಗನ ಶಾಲಾ ದಾಖಲೆಯಲ್ಲಿ ಉಳಿದುಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಒಂದಕ್ಷರಕ್ಕೆ ಇಳಿದಿರುತ್ತದೆ. ಆದರೆ ಒಬ್ಬ ವೇಗದ ಬೌಲರ್‌ನ ವಿಷಯದಲ್ಲಿ ಊರಿನ ಹೆಸರು ಪೂರ್ತಿಯಾಗಿಯೇ ಪ್ರಪಂಚದ ಸ್ಕೋರ್ ಬೋರ್ಡುಗಳಿಗೆ ಏರಿತು.

ಜಾವಗಲ್ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಊರು. ಹದಿಮೂರನೆಯ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಜಾವಗಲ್ ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು, ಮೈಸೂರಿನಲ್ಲಿ. ಓದಿದ್ದೂ ಆಡಿ ಬೆಳೆದದ್ದೂ ಅಲ್ಲೇ. ಲೆಕ್ಕ ಹಿಡಿದು ನೋಡಿದರೆ ಅವರು ಮೈಸೂರಿನ ಆಟಗಾರ. ಹಾಸನದ ಅಭಿಮಾನಿ ಮಾತ್ರ ಈ ಲೆಕ್ಕವನ್ನು ಒಪ್ಪಿಕೊಂಡವನಲ್ಲ. ಹೆಸರಿನಲ್ಲೇ ಊರಿರುವಾಗ ಬೇರೆ ಪುರಾವೆ ಏಕೆ ಎಂಬುದು ಅವನ ವಾದ.

1989–90ರಲ್ಲಿ ಹೈದರಾಬಾದ್ ವಿರುದ್ಧ ಶ್ರೀನಾಥ್ ಆಡಿದ ಮೊದಲ ರಣಜಿ ಪಂದ್ಯದ ಮೊದಲ ಇನಿಂಗ್ಸ್‌ನಲ್ಲೇ ಹ್ಯಾಟ್ರಿಕ್ ಬಂತು. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಪದಾರ್ಪಣ. ಅಲ್ಲಿಂದ ಮುಂದಿನದು ಕಾಯುವಿಕೆಯ ಅಧ್ಯಾಯ. ಭಾರತದ ಪಿಚ್‌ಗಳ ಮೇಲೆ ಸ್ಪಿನ್ನರ್‌ಗಳಿಗೇ ಹೆಚ್ಚು ಜಾಗ. ಉಳಿದ ಒಂದೆರಡು ಸ್ಥಾನಗಳಲ್ಲಿ ಕಪಿಲ್ ದೇವ್ ವಿಶ್ವದಾಖಲೆಯತ್ತ ನಡೆದಿದ್ದರು. ವಿದೇಶದಲ್ಲಿ ಟೆಸ್ಟ್ ಆಡುತ್ತಿದ್ದ ಶ್ರೀನಾಥ್ ಸ್ವದೇಶದಲ್ಲಿ ಹೊರಗೆ ಕುಳಿತರು. ಕಪಿಲ್ ನಿವೃತ್ತರಾದ ಮೇಲೆ, 1994ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬಾಂಬೆಯಲ್ಲಿ, ತಾಯ್ನೆಲದ ಮೊದಲ ಟೆಸ್ಟ್ ಅವರಿಗೆ ಸಿಕ್ಕಿತು. ಪದಾರ್ಪಣಕ್ಕೂ ಇದಕ್ಕೂ ನಡುವೆ ಮೂರು ವರ್ಷ ಕಳೆದಿತ್ತು. ವೇಗದ ಬೌಲರ್‌ನ ತೋಳಿನ ಆಯುಸ್ಸಿನಲ್ಲಿ ಮೂರು ವರ್ಷವೆಂದರೆ ಸಣ್ಣ ಮಾತಲ್ಲ. 67 ಟೆಸ್ಟ್‌ಗಳಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್‌ಗಳೊಂದಿಗೆ ಅವರು ನಿವೃತ್ತರಾದರು. ಆ ಮೂರು ವರ್ಷ ಕೈಗೆ ಸಿಕ್ಕಿದ್ದರೆ ಈ ಅಂಕಿ ಎಷ್ಟಾಗುತ್ತಿತ್ತು ಎಂಬ ಲೆಕ್ಕವನ್ನು ಹಾಸನದ ಅಭಿಮಾನಿ ಇಂದಿಗೂ ಹಾಕುತ್ತಾನೆ.

ಒಂದು ವಾರದ ಅಂತರ

1996ರ ವರ್ಷ ಹಾಸನ ಜಿಲ್ಲೆಯ ಮಟ್ಟಿಗೆ ಅಪೂರ್ವವಾದದ್ದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್. ಡಿ. ದೇವೇಗೌಡರು ಆ ವರ್ಷದ ಜೂನ್‌ನಲ್ಲಿ ದೇಶದ ಪ್ರಧಾನಿಯಾದರು. ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಟೆಸ್ಟ್‌ಗೆ ಶ್ರೀನಾಥ್ ಗಾಯದ ಕಾರಣ ಇರಲಿಲ್ಲ. ಅವರ ಜಾಗಕ್ಕೆ ಬಂದವರು ಡೇವಿಡ್ ಜಾನ್ಸನ್. 1971ರ ಅಕ್ಟೋಬರ್ 16ರಂದು ಜಾನ್ಸನ್ ಹುಟ್ಟಿದ ಊರು ಅರಸೀಕೆರೆ. ಹೆಸರಲ್ಲಿ ಊರಿಲ್ಲದಿದ್ದರೇನು, ಹುಟ್ಟಿನಲ್ಲಿತ್ತು. ಜಾವಗಲ್‌ನ ಹೆಸರಿನವರು ಬಿಟ್ಟ ಜಾಗವನ್ನು ಅದೇ ತಾಲ್ಲೂಕಿನಲ್ಲಿ ಹುಟ್ಟಿದವರು ತುಂಬಿದರು.

ಜಾನ್ಸನ್ ಅವರನ್ನು ಅಲ್ಲಿಗೆ ಕರೆದೊಯ್ದದ್ದು 1995–96ರ ರಣಜಿ ಋತು. ಕೇರಳದ ವಿರುದ್ಧದ ಪಂದ್ಯದಲ್ಲಿ ಅವರು 152 ರನ್ನಿಗೆ 10 ವಿಕೆಟ್ ಪಡೆದಿದ್ದರು. ಆ ವರ್ಷ ಕರ್ನಾಟಕ ಮದ್ರಾಸಿನಲ್ಲಿ ತಮಿಳುನಾಡನ್ನು ಮಣಿಸಿ, 1982–83ರ ನಂತರ ಮೊದಲ ಬಾರಿಗೆ ಟ್ರೋಫಿ ಗೆದ್ದಿತ್ತು. ವರ್ಷದ ಕೊನೆಯಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಭಾರತ ಕಣಕ್ಕಿಳಿದಾಗ ಹನ್ನೊಂದರಲ್ಲಿ ಐವರು ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್. ಅವರಲ್ಲಿ ಇಬ್ಬರ ಬೇರು ಹಾಸನ ಜಿಲ್ಲೆಯಲ್ಲಿ. ದೆಹಲಿಯ ಅಧಿಕಾರದ ಕುರ್ಚಿಯಲ್ಲಿದ್ದವರೂ ಅದೇ ಜಿಲ್ಲೆಯವರು. ಜಿಲ್ಲೆಯ ಅಭಿಮಾನಿ ಇನ್ನೇನು ಕೇಳಬೇಕಿತ್ತು?

ಆಟದ ಫಲ ಮಾತ್ರ ಕಹಿಯಾಗಿತ್ತು. ಭಾರತ 100 ಮತ್ತು 66 ರನ್ನುಗಳಿಗೆ ಉದುರಿಹೋಯಿತು. ಒಂದು ವಾರ ಕಳೆಯುವಷ್ಟರಲ್ಲಿ, 1997ರ ಜನವರಿ 2ರಂದು ಕೇಪ್ ಟೌನ್‌ನಲ್ಲಿ ಮುಂದಿನ ಟೆಸ್ಟ್ ಆರಂಭವಾದಾಗ ತಂಡದಲ್ಲಿ ಕರ್ನಾಟಕದ್ದೇ ಮತ್ತೊಬ್ಬ ವೇಗದ ಬೌಲರ್ ದೊಡ್ಡ ಗಣೇಶ್ ಇದ್ದರು. ಜಾನ್ಸನ್ ಇರಲಿಲ್ಲ. ಅವರು ಮತ್ತೆಂದೂ ಟೆಸ್ಟ್ ಆಡಲಿಲ್ಲ. ಎರಡು ಟೆಸ್ಟ್, ಮೂರು ವಿಕೆಟ್. ಮೊದಲನೆಯದು ಮೈಕೇಲ್ ಸ್ಲೇಟರ್ ಅವರದು. ಪ್ರಥಮ ದರ್ಜೆಯಲ್ಲಿ 39 ಪಂದ್ಯ, 125 ವಿಕೆಟ್. 2024ರ ಜೂನ್ 20ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ವಯಸ್ಸು 52.

ಒಂದೇ ಜಿಲ್ಲೆಯ ನಂಟಿನ ಇಬ್ಬರು ಬೌಲರ್‌ಗಳ ಈ ಎರಡು ಬದುಕುಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಪಟ್ಟಿಯೆಂಬುದರ ಸ್ವಭಾವ ಅರ್ಥವಾಗುತ್ತದೆ. ಒಬ್ಬರನ್ನು ಅದು ಮೂರು ವರ್ಷ ಕಾಯಿಸಿ ಒಳಗೆ ಕರೆಯಿತು. ಇನ್ನೊಬ್ಬರನ್ನು ಬೇಗ ಕರೆದು ಬೇಗ ಬಿಟ್ಟಿತು. ಇಬ್ಬರೂ ವೇಗವಾಗಿಯೇ ಚೆಂಡೆಸೆದವರು.

ಪಟ್ಟಿ ತಯಾರಾಗುವ ಬಗೆ

ಅಮೆರಿಕದ ಬೇಸ್‌ಬಾಲ್‌ನಲ್ಲಿ ತಂಡಗಳು ಖಾಸಗಿ ಕಂಪನಿಗಳು. ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದಕ್ಕೆ ಕೊಟ್ಟು ಬದಲಿಗೆ ಬೇರೊಬ್ಬನನ್ನು ಪಡೆಯಬಹುದು. 1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಎಂಬ ಆಟಗಾರ ತನ್ನನ್ನು ಹೀಗೆ ಫಿಲಡೆಲ್ಫಿಯಾಕ್ಕೆ ಸಾಗಹಾಕಿದ್ದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಆದರೆ 1975ರಲ್ಲಿ ಮಧ್ಯಸ್ಥಗಾರರೊಬ್ಬರ ತೀರ್ಪಿನಿಂದ ಒಪ್ಪಂದ ಮುಗಿದ ಆಟಗಾರರಿಗೆ ತಮ್ಮ ತಂಡವನ್ನು ತಾವೇ ಆರಿಸಿಕೊಳ್ಳುವ ದಾರಿ ತೆರೆಯಿತು. ಅಲ್ಲಿನ ಅಭಿಮಾನಿಗೆ ಆಟದಷ್ಟೇ ಈ ಕೊಡುಕೊಳ್ಳುವಿಕೆಯೂ ರುಚಿ.

ರಣಜಿ ಟ್ರೋಫಿಯ ತಳಹದಿ ಬೇರೆ. ಇಲ್ಲಿ ತಂಡವೆಂದರೆ ರಾಜ್ಯ. ಆಟಗಾರನನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬೇರೆ ರಾಜ್ಯಕ್ಕೆ ಆಡಬೇಕೆಂದರೆ ತನ್ನ ರಾಜ್ಯ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹೀಗೆ ಬರುವ ಹೊರಗಿನ ವೃತ್ತಿಪರರ ಸಂಖ್ಯೆಗೂ ಮಿತಿಯುಂಟು. ಒಂದು ತಂಡಕ್ಕೆ ಮೂವರು. ಉಳಿದವರೆಲ್ಲ ಆ ನೆಲದಲ್ಲೇ ಮೊಳೆಯಬೇಕು.

ಮೊಳೆಯುವ ದಾರಿ ಉದ್ದವಾದದ್ದು. ಕ್ರಿಕೆಟ್ ಸಂಸ್ಥೆ ರಾಜ್ಯವನ್ನು ವಲಯಗಳಾಗಿ ಹಂಚಿಕೊಂಡಿದೆ. ಜಿಲ್ಲೆಯ ಹುಡುಗ ಮೊದಲು ವಲಯದ ವಯೋಮಿತಿ ತಂಡದಲ್ಲಿ ಕಾಣಿಸಿಕೊಳ್ಳಬೇಕು, ಅಲ್ಲಿಂದ ರಾಜ್ಯದ ಕಿರಿಯರ ತಂಡಕ್ಕೆ ಬರಬೇಕು, ಇಲ್ಲವೇ ಬೆಂಗಳೂರಿನ ಲೀಗ್ ಕ್ಲಬ್ಬೊಂದಕ್ಕೆ ಸೇರಿ ಅಲ್ಲಿ ಹೆಸರು ಮಾಡಬೇಕು. ಅರಕಲಗೂಡಿನ ಶಾಲೆಯ ಬಯಲಿನಲ್ಲಿ ಟೆನಿಸ್ ಚೆಂಡಿನಿಂದ ಎದುರಾಳಿಯನ್ನು ನಡುಗಿಸುವ ಬೌಲರ್‌ಗೆ ಚರ್ಮದ ಚೆಂಡೇ ಬೇರೆ ಆಟ. ಅದರ ಹೊಲಿಗೆ ಬೇರೆ, ಭಾರ ಬೇರೆ, ಬೆಲೆಯೂ ಬೇರೆ. ಅದಕ್ಕೆ ತಕ್ಕ ಪಿಚ್, ಪ್ಯಾಡು, ತರಬೇತಿದಾರ, ಇವೆಲ್ಲ ಒಂದೇ ಕಡೆ ಸಿಗಬೇಕು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಕ್ರಿಕೆಟ್ ಎದುರುಬದುರಾಗಿ ನಿಲ್ಲುತ್ತವೆ. ಬಹುತೇಕ ಮನೆಗಳಲ್ಲಿ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ.

ಈ ಅಡ್ಡಿಯನ್ನು ದಾಟಿದವರ ಕಥೆಗಳು ಅದಕ್ಕೇ ಊರೂರಲ್ಲಿ ಹರಡುತ್ತವೆ. ಗದುಗಿನ ಸುನಿಲ್ ಜೋಶಿ ಬಾಲಕನಾಗಿದ್ದಾಗ ಬೆಳಗಿನ ಜಾವ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದರು. ದಾವಣಗೆರೆಯ ವಿನಯ್ ಕುಮಾರ್ ರಾಜ್ಯದ ನಾಯಕರಾದರು. ಹಾಸನದ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಭಾರತಕ್ಕೆ ಆಡಿದರು. ಹಾಸನದಿಂದ ನೋಡಿದರೆ ಇವರಲ್ಲಿ ಯಾರೂ ಬಹಳ ದೂರದವರಲ್ಲ.

ಆರು ರನ್ನುಗಳ ದೂರ

1995–96, 1997–98, 1998–99 ಹೀಗೆ ನಾಲ್ಕು ಋತುಗಳಲ್ಲಿ ಮೂರು ಬಾರಿ ರಣಜಿ ಗೆದ್ದ ಕರ್ನಾಟಕ ಆಮೇಲೆ ಹದಿನೈದು ವರ್ಷ ಬರಿಗೈಯಲ್ಲಿ ಉಳಿಯಿತು. ಕಾರಣ ವಿಚಿತ್ರವೆನಿಸಿದರೂ ಸರಳವಾದದ್ದು. ರಾಜ್ಯವೊಂದು ಎಷ್ಟು ಒಳ್ಳೆಯ ಆಟಗಾರರನ್ನು ಬೆಳೆಸುತ್ತದೋ ಅಷ್ಟು ಮಂದಿಯನ್ನು ದೇಶದ ತಂಡ ಕರೆದೊಯ್ಯುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳು ಹೆಚ್ಚಿದಂತೆ ದ್ರಾವಿಡ್, ಕುಂಬ್ಳೆ, ಶ್ರೀನಾಥ್ ರಾಜ್ಯಕ್ಕೆ ಸಿಗುವುದು ಅಪರೂಪವಾಯಿತು. ಅವರ ಹಿಂದೆ ನಿಂತು ತಂಡವನ್ನು ಹೊತ್ತ ಜೋಶಿ, ವಿಜಯ್ ಭಾರದ್ವಾಜ್, ದೊಡ್ಡ ಗಣೇಶ್ ಅವರಂಥವರೂ ಒಬ್ಬೊಬ್ಬರಾಗಿ ನಿವೃತ್ತರಾದಾಗ ತಂಡವನ್ನು ಬುಡದಿಂದ ಕಟ್ಟಬೇಕಾಯಿತು.

ಹೀಗೆ ಕಟ್ಟಿದ ಹೊಸ ತಂಡವನ್ನು ಹಾಸನದವರು ಹತ್ತಿರದಿಂದ ನೋಡುವ ಅವಕಾಶ 2010ರ ಜನವರಿಯಲ್ಲಿ ಬಂತು. ರಣಜಿ ಫೈನಲ್ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ನಡೆಯಿತು. ಎದುರಾಳಿ ಹಳೆಯ ಮುಂಬೈ. ಹೊಳೆನರಸೀಪುರದಿಂದ ಮೈಸೂರಿಗೆ ನೇರ ರೈಲುಂಟು. ಬೆಳಿಗ್ಗೆ ಹೊರಟು ಆಟ ನೋಡಿ ರಾತ್ರಿಗೆ ಮನೆ ಸೇರುವಷ್ಟು ದೂರ. 338 ರನ್ನುಗಳ ಗುರಿ ಬೆನ್ನಟ್ಟಿದ ಕರ್ನಾಟಕಕ್ಕೆ ಇಪ್ಪತ್ತರ ಹರೆಯದ ಮನೀಶ್ ಪಾಂಡೆ 144 ರನ್ ಹೊಡೆದು ಆಸೆ ಹುಟ್ಟಿಸಿದರು. ತಂಡ 331ಕ್ಕೆ ಆಲೌಟಾಯಿತು. ಸೋಲು ಆರೇ ರನ್ನುಗಳದು. ಆ ಮೈದಾನದಿಂದ ಹೊರಬಿದ್ದ ಜನ ಸೋತ ತಂಡವನ್ನು ಬೈಯಲಿಲ್ಲ ಎಂಬುದನ್ನು ಗಮನಿಸಬೇಕು. ಬರಲಿರುವುದರ ಸುಳಿವು ಅವರಿಗೆ ಸಿಕ್ಕಿತ್ತು.

ಅದೇ ವರ್ಷದ ನವೆಂಬರ್‌ನಲ್ಲಿ ಅನಿಲ್ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿಯೂ ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿಯೂ ಆಯ್ಕೆಯಾದರು. ಒಂದು ಕಾಲದಲ್ಲಿ ಪಟ್ಟಿಯಲ್ಲಿ ತಮ್ಮ ಹೆಸರಿಗಾಗಿ ಕಾದವರು ಈಗ ಪಟ್ಟಿ ಹುಟ್ಟುವ ಮನೆಯ ಯಜಮಾನರಾದರು. ಬೆಂಗಳೂರಿನ ಹೊರಗೆ ಮೈದಾನಗಳನ್ನು ಬೆಳೆಸುವ ಮಾತು ಆ ದಿನಗಳಲ್ಲಿ ಬಲವಾಗಿ ಕೇಳಿಬಂತು. ಆಲೂರಿನಲ್ಲಿ ಮೈದಾನ ಬರುತ್ತದೆಂಬ ಸುದ್ದಿ ಓದಿ ಹಾಸನದಲ್ಲಿ ಹಿಗ್ಗಿದವರೂ ಇದ್ದಿರಬೇಕು, ಏಕೆಂದರೆ ಆಲೂರು ಹಾಸನ ಜಿಲ್ಲೆಯ ಒಂದು ತಾಲ್ಲೂಕು. ಸುದ್ದಿಯಲ್ಲಿದ್ದದ್ದು ಬೆಂಗಳೂರಿನ ಮಗ್ಗುಲಿನ, ತುಮಕೂರು ರಸ್ತೆಯ ಕಡೆಯ ಆಲೂರು.

ಫಲ 2013–14ರಲ್ಲಿ ಬಂತು. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿತು. ಮರುವರ್ಷ ಮುಂಬೈಯಲ್ಲಿ ತಮಿಳುನಾಡಿನ ವಿರುದ್ಧದ ಫೈನಲ್‌ನಲ್ಲಿ ಕರುಣ್ ನಾಯರ್ 328, ಕೆ. ಎಲ್. ರಾಹುಲ್ 188 ರನ್ ಹೊಡೆದು ತಂಡದ ಮೊತ್ತವನ್ನು 762ಕ್ಕೆ ಏರಿಸಿದರು. ಇನಿಂಗ್ಸ್ ಮತ್ತು 217 ರನ್ನುಗಳ ಆ ಗೆಲುವಿನೊಂದಿಗೆ ಎಂಟನೆಯ ರಣಜಿ ಟ್ರೋಫಿ ರಾಜ್ಯಕ್ಕೆ ಬಂತು.

ಬಿಟ್ಟುಹೋದವರು, ಮರಳಿಬಂದವರು

ಗೆದ್ದ ತಂಡ ಹೆಚ್ಚು ಕಾಲ ಒಟ್ಟಿಗೆ ಉಳಿಯುವುದಿಲ್ಲ. ರಾಬಿನ್ ಉತ್ತಪ್ಪ 2017ರಲ್ಲಿ ಸೌರಾಷ್ಟ್ರಕ್ಕೆ ಹೋದರು. ವಿನಯ್ ಕುಮಾರ್ 2019ರಲ್ಲಿ ಪುದುಚೇರಿಗೆ ಹೋದರು. ಹಿರಿಯರು ಹೀಗೆ ಹೊರಡುವುದು ಕಿರಿಯರಿಗೆ ಜಾಗ ಬಿಟ್ಟಂತೆಯೂ ಆಯಿತು; ಅಭಿಮಾನಿಗಳು ನಿಟ್ಟುಸಿರುಬಿಟ್ಟರೂ ಅರ್ಥ ಮಾಡಿಕೊಂಡರು. ಕರುಣ್ ನಾಯರ್ ಅವರ ವಿಷಯ ಅಷ್ಟು ಸುಲಭದ್ದಲ್ಲ.

2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಹೊಡೆದ ಕರುಣ್ ಮರುವರ್ಷವೇ ಭಾರತ ತಂಡದಿಂದ ಹೊರಗುಳಿದರು. 2022ರಲ್ಲಿ ರಾಜ್ಯದ ಪಟ್ಟಿಯಿಂದಲೂ ಹೆಸರು ಬಿದ್ದುಹೋಯಿತು. ಆ ಡಿಸೆಂಬರ್‌ನಲ್ಲಿ ಅವರು ಕ್ರಿಕೆಟ್ಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶವನ್ನು ಬೇಡಿದ ಮಾತು ಊರೂರು ತಲುಪಿತು. ಅವಕಾಶ ಕೊಟ್ಟದ್ದು ವಿದರ್ಭ. 2024–25ರಲ್ಲಿ ವಿದರ್ಭ ರಣಜಿ ಗೆದ್ದಾಗ ಕೇರಳದ ವಿರುದ್ಧದ ಫೈನಲ್‌ನಲ್ಲಿ ಕರುಣ್ 86 ಮತ್ತು 135 ರನ್ ಮಾಡಿದ್ದರು.

ಅದಕ್ಕೂ ಮುನ್ನ, 2025ರ ಜನವರಿಯಲ್ಲಿ, ವಿಜಯ್ ಹಜಾರೆ ಟ್ರೋಫಿಯ ಫೈನಲ್ ವಡೋದರದಲ್ಲಿ ನಡೆದಿತ್ತು. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ಕರುಣ್ ನಾಯಕತ್ವದ ವಿದರ್ಭ. ಆ ಟೂರ್ನಿಯಲ್ಲಿ ಕರುಣ್ 779 ರನ್ ಗಳಿಸಿದ್ದರು. ಅವರನ್ನು ಔಟ್ ಮಾಡುವುದೇ ಎದುರಾಳಿಗಳಿಗೆ ಸಮಸ್ಯೆಯಾಗಿತ್ತು. ಆಗಷ್ಟೇ ಬೆಳೆಯುತ್ತಿದ್ದ ಆರ್. ಸ್ಮರಣ್ ಶತಕ ಹೊಡೆದರು, ಕರ್ನಾಟಕ 348 ಮಾಡಿತು. ಕರುಣ್ 27 ರನ್ ಮಾಡಿದ್ದಾಗ ಪ್ರಸಿದ್ಧ ಕೃಷ್ಣ ಅವರ ಎಸೆತ ಗೂಟ ಹಾರಿಸಿತು. ಕರ್ನಾಟಕ 36 ರನ್ನುಗಳಿಂದ ಗೆದ್ದಿತು. ಅಂದು ಗೆಲುವಿಗೆ ಕುಣಿದ ಅಭಿಮಾನಿಯ ಮನಸ್ಸು ಆ ಒಂದು ಕ್ಷಣದಲ್ಲಿ ಎರಡಾಗಿ ಒಡೆಯದಿರಲು ಸಾಧ್ಯವಿರಲಿಲ್ಲ. ಹೊಸ ಹೆಸರಿನ ಮೇಲಿನ ಹೆಮ್ಮೆಯೂ ಕಳೆದುಕೊಂಡ ಹೆಸರಿನ ಮೇಲಿನ ಮಮತೆಯೂ ಒಂದೇ ಎದೆಯಲ್ಲಿರುವಂಥವು. ಕರುಣ್ 2025ರಲ್ಲಿ ಭಾರತ ತಂಡಕ್ಕೂ, ಆ ಬಳಿಕ 2025–26ರ ಋತುವಿಗೆ ಕರ್ನಾಟಕಕ್ಕೂ ಮರಳಿದರು.

ಹರಾಜಿನ ತಂಡ, ಮಣ್ಣಿನ ತಂಡ

ಹೊಸ ತಲೆಮಾರಿನ ಅಭಿಮಾನಿಗೆ ಪಟ್ಟಿಯೆಂದರೆ ಐಪಿಎಲ್ ಹರಾಜಿನ ಪಟ್ಟಿಯೂ ಹೌದು. 2008ರಿಂದ ಬೆಂಗಳೂರಿನ ಹೆಸರಿನ ತಂಡವೊಂದು ಕನ್ನಡಿಗರ ಪ್ರೀತಿಯನ್ನು ಸೂರೆಗೊಂಡಿದೆ. ಅದರಲ್ಲಿ ಕರ್ನಾಟಕದವರು ಕೆಲವೊಮ್ಮೆ ಬೆರಳೆಣಿಕೆಗೂ ಸಿಗುವುದಿಲ್ಲ. ದ್ರಾವಿಡ್ ಅವರೇ 2011ರಲ್ಲಿ ರಾಜಸ್ಥಾನದ ಪಾಲಾದರು. ಆದರೂ 2025ರ ಜೂನ್ 3ರಂದು ಆ ತಂಡ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ ಹಾಸನದ ರಸ್ತೆಗಳೂ ಪಟಾಕಿಯಲ್ಲಿ ಮಿಂದವು. ಆ ಗೆಲುವಿನ ಅಂತರವೂ ಆರು ರನ್. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅಭಿಮಾನಿಯ ಪ್ರೀತಿಯನ್ನು ಎಣಿಕೆಗೆ ತೆಗೆದುಕೊಳ್ಳುವವರು ಅವನ ಜೀವವನ್ನೂ ಎಣಿಕೆಗೆ ತೆಗೆದುಕೊಳ್ಳಬೇಕೆಂಬ ಪಾಠವನ್ನು ಆ ದಿನ ಬಹಳ ದುಬಾರಿ ಬೆಲೆಗೆ ಕಲಿಸಿತು.

ಹರಾಜಿನ ತಂಡವನ್ನು ಪ್ರೀತಿಸುವುದಕ್ಕೂ ರಾಜ್ಯದ ತಂಡವನ್ನು ಪ್ರೀತಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಅಭಿಮಾನಿ ನೋಡುಗ ಮಾತ್ರ. ಹಣವಿದ್ದವರು ಆರಿಸುತ್ತಾರೆ, ಅವನು ಚಪ್ಪಾಳೆ ತಟ್ಟುತ್ತಾನೆ. ಎರಡನೆಯದರಲ್ಲಿ ಅವನ ಪಾಲೂ ಇದೆ, ಏಕೆಂದರೆ ಮುಂದಿನ ಹೆಸರು ಅವನ ಬೀದಿಯಿಂದ ಬರಬಹುದು. ಕೊಡಗಿನ ವಿದ್ವತ್ ಕಾವೇರಪ್ಪ ರಾಜ್ಯದ ಹೊಸ ಚೆಂಡನ್ನು ಹಿಡಿದಾಗ ಅವರ ಊರಿನ ಕಡೆಯವರಿಗೆ ಆದ ಸಂತೋಷ ಈ ಬಗೆಯದು.

2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿ ಈ ಆಸೆಗೆ ಹೊಸ ಮೆಟ್ಟಿಲಾಗಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿಗಳ ಹೆಸರಿನಲ್ಲಿ ಆರು ತಂಡಗಳು ಅದರಲ್ಲಿ ಆಡುತ್ತಾ ಬಂದಿವೆ. ಹಾಸನದ ಹೆಸರಿನ ತಂಡ ಅವುಗಳಲ್ಲಿ ಇಲ್ಲ. ಹಾಸನದ ಅಭಿಮಾನಿ ಶಿವಮೊಗ್ಗವನ್ನು ಮಲೆನಾಡಿನ ನೆಂಟನೆಂದೋ ಮೈಸೂರನ್ನು ಹಳೆಯ ರಾಜಧಾನಿಯೆಂದೋ ಆರಿಸಿಕೊಳ್ಳಬೇಕು. ಇದೊಂದು ಸಣ್ಣ ಕೊರತೆಯೆನ್ನಿಸಬಹುದು. ಆದರೆ ಊರಿನ ಹೆಸರಿನ ತಂಡವಿರುವೆಡೆ ಊರಿನ ಹುಡುಗರನ್ನು ಹುಡುಕುವ ಕಣ್ಣುಗಳೂ ಇರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಈಗ ದಾರಿ ಹಿಂದಿನಷ್ಟು ದೂರವಿಲ್ಲ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ಬೆಂಗಳೂರು–ಹಾಸನ ರೈಲುಮಾರ್ಗ ತೆರೆದ ಮೇಲೆ ಚನ್ನರಾಯಪಟ್ಟಣದ ಹುಡುಗನೂ ಕಿಟ್ ಚೀಲವನ್ನು ಹೆಗಲಿಗೇರಿಸಿ ಬೆಳಗಿನ ರೈಲು ಹಿಡಿಯಬಹುದು. ರೈಲು ಮಾತ್ರ ಸಾಲದು. ಪಕ್ಕದಲ್ಲೊಂದು ಒಳ್ಳೆಯ ಪಿಚ್ ಬೇಕು, ತಿದ್ದುವ ಗುರು ಬೇಕು, ಆಡಿದರೆ ಕೆಟ್ಟೆ ಎನ್ನದ ಮನೆ ಬೇಕು. ಜಾವಗಲ್‌ನ ಹೆಸರು ಹೊತ್ತ ಬೌಲರ್ ಮೈಸೂರಿನಲ್ಲಿ ಬೆಳೆದದ್ದು, ಅರಸೀಕೆರೆಯಲ್ಲಿ ಹುಟ್ಟಿದ ಬೌಲರ್ ಬೆಂಗಳೂರಿನಲ್ಲಿ ನೆಲೆಸಿದ್ದು ಈ ಕಾರಣಕ್ಕೇ. ಜಿಲ್ಲೆಯ ಮಣ್ಣಿನಲ್ಲಿ ಬೀಜವಿತ್ತು, ನೀರು ಬೇರೆಡೆ ಸಿಕ್ಕಿತು.

ಅಲ್ಲಿಯವರೆಗೆ ಅಭಿಮಾನಿ ತನ್ನ ಕೆಲಸವನ್ನು ಬಿಡುವವನಲ್ಲ. ಮುಂದಿನ ಋತು ಬರುತ್ತದೆ, ಪುಟದ ಮೂಲೆಯಲ್ಲಿ ಹದಿನೈದು ಹೆಸರುಗಳು ಅಚ್ಚಾಗುತ್ತವೆ. ಹೊಳೆನರಸೀಪುರದ ಕ್ಷೌರದಂಗಡಿಯಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಗುತ್ತದೆ. ಇರುವವರ ಬಗ್ಗೆ ವಾದ ನಡೆಯುತ್ತದೆ, ಬಿಟ್ಟವರ ಬಗ್ಗೆ ಜಗಳವಾಗುತ್ತದೆ. ಆ ಗದ್ದಲದ ನಡುವೆ ಒಬ್ಬ ಮಾತ್ರ ಸುಮ್ಮನೆ ಕೊನೆಯ ಹೆಸರಿನವರೆಗೆ ಬೆರಳಾಡಿಸಿ, ಪತ್ರಿಕೆಯನ್ನು ಮಡಚಿ ಪಕ್ಕದವನಿಗೆ ಕೊಡುತ್ತಾನೆ.